ಪ್ರತಿ: ೪೭೯೦ಕೆ ಮುಚ್ಚಳ ತೆಗೆದ ಮೇಲೆ ಸತ್ತಂತಿದೆ

ಇಂಟೆಲ್ ಐ7-4790ಕೆ ಪ್ರೊಸೆಸರ್‌ನ ಲೋಹದ ಮುಚ್ಚಳ ತೆಗೆದು, ಶಾಖ ಸಾಗಿಸುವ ಲಿಕ್ವಿಡ್ ಮೆಟಲ್ (ದ್ರವ ಲೋಹ) ಹಚ್ಚಿದ್ದೀರಿ, ಈಗ ಫ್ಯಾನ್ ಒಂದು ಕ್ಷಣ ತಿರುಗಿ ನಿಲ್ಲುತ್ತಿದೆ ಅಂದಿರಿ. ಇದು ಬಹುತೇಕ ಶಾರ್ಟ್ ಸರ್ಕ್ಯೂಟ್‌ನ ಲಕ್ಷಣ, ಮತ್ತೆ ಪವರ್ ಕೊಡಬೇಡಿ.

ನಿಮ್ಮದು ಸೇರಿದ ಹ್ಯಾಸ್ವೆಲ್ ಪೀಳಿಗೆಯ ಪ್ರೊಸೆಸರ್‌ಗಳಲ್ಲಿ ಡೈ (ಮುಚ್ಚಳದಡಿಯ ಸಿಲಿಕಾನ್ ಚಿಪ್ಪು) ಪಕ್ಕದಲ್ಲೇ ಸಣ್ಣ ಕೆಪಾಸಿಟರ್‌ಗಳ ಸಾಲಿದೆ. ಲಿಕ್ವಿಡ್ ಮೆಟಲ್‌ನಲ್ಲಿರುವುದು ಗ್ಯಾಲಿಯಂ, ವಿದ್ಯುತ್ ಹರಿಯುತ್ತದೆ. ಸಾಸಿವೆಯಷ್ಟು ಹನಿ ಅಲ್ಲಿಗೆ ಜಾರಿದರೂ ಸಾಕು. ಮುಚ್ಚಳ ತೆಗೆದು, ಫೋನಿನ ಝೂಮ್‌ನಲ್ಲಿ ಆ ಸಾಲನ್ನು ನೋಡಿ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಇಯರ್‌ಬಡ್‌ನಿಂದ ಹನಿಯನ್ನು ಡೈ ಕಡೆಗೆ ಉರುಳಿಸಿ ಎತ್ತಿ. ಆಲ್ಕೋಹಾಲ್ ಲೋಹವನ್ನು ಕರಗಿಸುವುದಿಲ್ಲ, ಒರೆಸಿದರೆ ಇನ್ನಷ್ಟು ಹರಡುತ್ತದೆ. ಮುಚ್ಚಳದ ಕಪ್ಪು ಅಂಟು ಇದ್ದ ಜಾಗದಲ್ಲಿ ಬ್ಲೇಡಿನ ಗೀರು ತಾಮ್ರದವರೆಗೆ ಇಳಿದಿದ್ದರೆ ಆಸೆ ಬಿಡಿ.

ಪ್ರೊಸೆಸರ್ ಕೆಳಗಿನ ಸಂಪರ್ಕ ಪ್ಯಾಡ್‌ಗಳನ್ನೂ, ಬೋರ್ಡಿನಲ್ಲಿ ಅದು ಕೂರುವ ಸಾಕೆಟ್‌ನ ಪಿನ್‌ಗಳನ್ನೂ ಪರೀಕ್ಷಿಸಿ. ಮಲ್ಟಿಮೀಟರ್ ಬೀಪ್ ಮಾಡಿತೆಂದು ಶಾರ್ಟ್ ಅಂತ ನಂಬಬೇಡಿ, ಕೋರ್‌ಗೆ ವಿದ್ಯುತ್ ಒಯ್ಯುವ ಲೈನ್‌ಗಳ ರೆಸಿಸ್ಟೆನ್ಸ್ ಸಹಜವಾಗಿಯೇ ಕಡಿಮೆ.

ಶುಚಿಯಾದ ಮೇಲೆ ಕೆಪಾಸಿಟರ್‌ಗಳಿಗೆ ಪಾರದರ್ಶಕ ನೇಲ್ ಪಾಲಿಶ್ ಹಚ್ಚಿ, ಪೂರ್ತಿ ಒಣಗಲಿ. ಗ್ರಾಫಿಕ್ಸ್ ಕಾರ್ಡ್ ತೆಗೆದು, ಒಂದೇ ರ‍್ಯಾಮ್ ಇಟ್ಟು, ಬೋರ್ಡಿನ ಎಚ್‌ಡಿಎಂಐನಿಂದಲೇ ನೋಡಿ. ಆಗಲೂ ಏಳದಿದ್ದರೆ ಅದೇ ಬೋರ್ಡಿಗೆ ಅದೇ ಸಾಕೆಟ್‌ಗೆ ಹೊಂದುವ ಹಳೆಯ ಪೆಂಟಿಯಂ ಜಿ3220 ಪ್ರೊಸೆಸರ್ ಹಾಕಿ. ಅದು ಬೂಟ್ ಆದರೆ ನಿಮ್ಮ ಪ್ರೊಸೆಸರ್ ಹೋಗಿದೆ: ವೋಲ್ಟೇಜ್ ರೆಗ್ಯುಲೇಟರ್ ಚಿಪ್ಪಿನೊಳಗೇ ಇರುವುದರಿಂದ ರಿಪೇರಿಗೆ ದಾರಿಯಿಲ್ಲ.