ಕಲ್ಲಿನಡಿಯ ಸಾಕ್ಷಿಗಳು

ಪ್ರಶ್ನೆ: ನದಿಯ ನೀರು ತಿಳಿಯಾಗಿದೆ, ಪ್ರಯೋಗಾಲಯದ ವರದಿಯೂ ಚೆನ್ನಾಗಿದೆ. ಆದರೆ ಕಲ್ಲು ಎತ್ತಿದರೆ ಬರೀ ಕೆಂಪು ಹುಳುಗಳು. ಯಾವುದನ್ನು ನಂಬಲಿ?

ಉತ್ತರ: ನಾನಾದರೆ ಹುಳುಗಳ ಕಡೆಗೇ ವಾಲುತ್ತೇನೆ. ಬಾಟಲಿಯ ನೀರು ಒಂದು ಗಳಿಗೆಯ ಸಾಕ್ಷಿ. ರಾತ್ರಿ ಬಿಟ್ಟ ಕೊಳಚೆ ಬೆಳಗಾಗುವುದರೊಳಗೆ ಹರಿದುಹೋಗಿದ್ದರೆ ಅದಕ್ಕೇನು ಗೊತ್ತು? ತಳದ ಜೀವಿಗಳು ತಿಂಗಳುಗಟ್ಟಲೆ ಅಲ್ಲೇ ಇದ್ದು ಎಲ್ಲವನ್ನೂ ಅನುಭವಿಸಿರುತ್ತವೆ.

ನಿಮ್ಮ ಕೆಂಪು ಹುಳುಗಳು ಬಹುಶಃ ಕೈರೊನೊಮಿಡ್ ಎಂಬ, ಸೊಳ್ಳೆಯಂತೆ ಕಂಡರೂ ಕಚ್ಚದ ನೊಣಗಳ ಮರಿಗಳು. ನಮ್ಮ ರಕ್ತದಲ್ಲಿರುವಂತೆ ಅವುಗಳಲ್ಲೂ ಹಿಮೋಗ್ಲೋಬಿನ್ ಇರುವುದರಿಂದ ಆಮ್ಲಜನಕ ಕಡಿಮೆಯಾದರೂ ಬದುಕುತ್ತವೆ. ಶುದ್ಧ ನೀರನ್ನೇ ಬಯಸುವ ಮೇಫ್ಲೈ ಎಂಬ ಕೀಟದ ಮರಿಗೆ ಆ ಭಾಗ್ಯವಿಲ್ಲ. ಬಿಳಿ ತಟ್ಟೆಯಲ್ಲಿ ಬಿಟ್ಟು ನೋಡಿ: ಸಾಮಾನ್ಯವಾಗಿ ಮೂರು ಬಾಲ, ಹೊಟ್ಟೆಯ ಪಕ್ಕದಲ್ಲಿ ಎಲೆಯಂತಹ ಕಿವಿರುಗಳ ಸಾಲು. ತಟ್ಟೆಯ ನೀರು ಬಿಸಿಯೇರಿದಂತೆ ಆಮ್ಲಜನಕ ಸಾಲದೆ ಕಿವಿರುಗಳು ಪಟಪಟನೆ ಬಡಿಯತೊಡಗುತ್ತವೆ. ಅದನ್ನು ಕಂಡ ದಿನದಿಂದ ನಾನು ತಟ್ಟೆಯನ್ನು ನೆರಳಲ್ಲೇ ಇಡುತ್ತೇನೆ.

ಎಲ್ಲರೂ ಚರಂಡಿಯನ್ನು ಮಾತ್ರ ದೂರುತ್ತಾರೆ. ಮರಳು ಬಗೆದು ಎಬ್ಬಿಸಿದ ಹೂಳು, ಉತ್ತ ದಡದಿಂದ ಜಾರಿದ ಮಣ್ಣು ಕೂಡ ಕಲ್ಲುಗಳ ಸಂದಿ ಮುಚ್ಚಿ ಮೇಫ್ಲೈಯಂಥ ಮರಿಗಳ ಮನೆಯನ್ನೇ ಕಸಿಯುತ್ತವೆ. ನೀರಿನ ಪರೀಕ್ಷೆಯಲ್ಲಿ ಅದು ಎಷ್ಟೋ ಸಲ ಕಾಣುವುದೇ ಇಲ್ಲ.

ಆದರೆ ಅವಸರದ ತೀರ್ಪು ಬೇಡ. ನಿಂತ ಮಡುವಿನ ಕೆಸರಲ್ಲಿ ಕೆಂಪು ಹುಳು ಸಹಜ. ಚರಂಡಿ ಸೇರುವ ಜಾಗಕ್ಕಿಂತ ಮೇಲೊಮ್ಮೆ, ಕೆಳಗೊಮ್ಮೆ, ಎರಡೂ ಕಡೆ ಕಲ್ಲಿನ ಮೇಲೆ ನೀರು ರಭಸದಿಂದ ಹರಿಯುವಲ್ಲೇ ಹುಡುಕಿ, ಹೋಲಿಸಿ. ಎತ್ತಿದ ಕಲ್ಲನ್ನು ಇದ್ದಂತೆಯೇ ಮಗುಚಿಡಿ.