ಬೆಂಗಳೂರಲ್ಲಿ ನಡ್ಕೊಂಡು ಓಡಾಡೋ ಏರಿಯಾದಲ್ಲಿ ಬಾಡಿಗೆ ಮನೆ ಸಿಗುತ್ತಾ?

ಪ್ರಶ್ನೆ: ಅಕ್ಕಾರ, ನಮಸ್ಕಾರ. ನಾವಿಬ್ರೂ ಧಾರವಾಡದವ್ರು, ಮದುವಿ ಆಗಿ ಹತ್ತ ತಿಂಗಳಾತು. ಇಬ್ರಿಗೂ ಬೆಂಗಳೂರಾಗ ಕೆಲಸ ಸಿಕ್ಕೇತಿ, ನನಗ ಎಲೆಕ್ಟ್ರಾನಿಕ್ ಸಿಟಿ, ನಮ್ಮ ಮನಿಯವ್ರಿಗೆ ಎಂ.ಜಿ. ರೋಡ್ ಹತ್ರ. ಕಾರ್ ಇಲ್ಲ, ತಗೊಳ್ಳೋ ವಿಚಾರಾನೂ ಇಲ್ಲ. ಇಲ್ಲೆ ಮಾಳಮಡ್ಡಿಯೊಳಗ ಹಾಲು, ಕಾಯಿಪಲ್ಲೆ, ಗುಡಿ, ಗೆಳತಿ ಮನಿ ಎಲ್ಲಾ ನಡ್ಕೋಂತನ ಹೋಗಿ ಬರೋದು ರೂಢಿ ಆಗೇತಿ. ಎಲ್ಲಾರೂ "ಬೆಂಗಳೂರಾಗ ಅದನ್ನೆಲ್ಲ ಮರತಬಿಡ್ರಿ, ದೊಡ್ಡ ಅಪಾರ್ಟ್‌ಮೆಂಟ್ ನೋಡ್ಕೊಂಡು ಗಾಡಿ ತಗೋರಿ" ಅನ್ನಾಕತ್ತಾರ. ಬಾಡಿಗಿ 25 ಸಾವಿರದ ಒಳಗ ಕೊಡಬಹುದು. ಯಾವ ಏರಿಯಾ ನೋಡ್ಬೇಕು, ಮನಿ ನೋಡುವಾಗ ಏನೇನ್ ಕೇಳ್ಬೇಕು ಹೇಳ್ರಿ.
– ಹೆಸರು ಬ್ಯಾಡ, ಧಾರವಾಡ

ಉತ್ತರ: ತಂಗಿ, ಮರೀಬೇಡಿ. ನಿಮ್ಮ ಆ ಅಭ್ಯಾಸಾನ ಹಾಗೇ ಕಟ್ಕೊಂಡು ಬನ್ನಿ. ಬೆಂಗಳೂರಲ್ಲಿ ನಡ್ಕೊಂಡು ಬದುಕೋ ಏರಿಯಾಗಳು ಈಗ್ಲೂ ಇವೆ, ಆದ್ರೆ ಅಲ್ಲಿ ನಿಮ್ಮ ಬಜೆಟ್‌ಗೆ ಸಿಗೋದು ಹೊಸ ಫ್ಲ್ಯಾಟ್ ಅಲ್ಲ, ಓನರ್ ಮನೆ ಮೇಲಿನ ಹಳೇ 1 ಬಿಎಚ್‌ಕೆ. ರೆಡ್ ಆಕ್ಸೈಡ್ ನೆಲ ಇರುತ್ತೆ, ಅಡುಗೆಮನೆ ಸಣ್ಣದಿರುತ್ತೆ, ಲಿಫ್ಟ್ ಇರಲ್ಲ. ಅದು ಒಪ್ಪಿಗೆ ಆದ್ರೆ ಮುಂದಿಂದು ಓದಿ, ಯಾಕಂದ್ರೆ ಮನೆ ದೊಡ್ಡದಿರ್ಬೇಕು, ಏರಿಯಾನೂ ನಡೆಯೋ ಥರ ಇರ್ಬೇಕು, ಬಾಡಿಗೆನೂ ಕಮ್ಮಿ ಇರ್ಬೇಕು ಅಂದ್ರೆ ಮೂರೂ ಒಟ್ಟಿಗೆ ಸಿಕ್ಕಿದ್ದು ನಾನಂತೂ ನೋಡಿಲ್ಲ.

ನಿಮ್ಮಿಬ್ಬರ ಆಫೀಸು ಒಂದು ದಕ್ಷಿಣದ ತುದಿ, ಒಂದು ನಡು ಊರು. ಹಾಗಾಗಿ ಮೊದಲು ಮೆಟ್ರೋ ಮ್ಯಾಪ್ ಹಿಡ್ಕೊಂಡು ಕೂತ್ಕೊಳ್ಳಿ. 2025ರ ಆಗಸ್ಟ್‌ನಲ್ಲಿ ಹಳದಿ ಲೈನ್ ಶುರುವಾಯ್ತಲ್ಲ, ಆರ್.ವಿ. ರೋಡಿಂದ ಬೊಮ್ಮಸಂದ್ರಕ್ಕೆ, ಅದು ನಿಮ್ಮಂಥವರ ಲೆಕ್ಕಾಚಾರಾನೇ ಬದಲಾಯಿಸಿಬಿಡ್ತು. ಮೊದಲು ಎಲೆಕ್ಟ್ರಾನಿಕ್ ಸಿಟಿ ಕೆಲಸ ಅಂದ್ರೆ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಬಸ್ಸಲ್ಲಿ ನಿಂತ್ಕೊಂಡೇ ಆಯಸ್ಸು ಕಳೀಬೇಕಿತ್ತು, ಈಗ ಆರ್.ವಿ. ರೋಡಲ್ಲಿ ಹತ್ತಿದ್ರೆ ಅರ್ಧ ಗಂಟೆ ಆಸುಪಾಸಲ್ಲಿ ಇಳೀತೀರ. ಅದೇ ಆರ್.ವಿ. ರೋಡ್ ಹಸಿರು ಲೈನ್‌ಗೂ ಸ್ಟೇಷನ್ನು, ನಿಮ್ಮೆಜಮಾನ್ರು ಅಲ್ಲಿಂದ ಮೆಜೆಸ್ಟಿಕ್‌ಗೆ ಹೋಗಿ ನೇರಳೆ ಲೈನ್ ಹಿಡಿದ್ರೆ ನಾಲ್ಕನೇ ಸ್ಟೇಷನ್ನೇ ಎಂ.ಜಿ. ರೋಡ್. ಅದಕ್ಕೆ ನಾನು ಹೇಳೋದು, ಆರ್.ವಿ. ರೋಡ್ ಸ್ಟೇಷನ್ ನಡುವೆ ಇಟ್ಕೊಂಡು ಸುತ್ತ ಹುಡುಕಿ: ಜಯನಗರದ ಬ್ಲಾಕ್‌ಗಳು, ಸೌತ್ ಎಂಡ್ ಸರ್ಕಲ್ ಕಡೆ, ಬಸವನಗುಡಿ, ಸ್ವಲ್ಪ ಆಚೆಗೆ ರಾಗಿಗುಡ್ಡ ಸ್ಟೇಷನ್‌ಗೆ ಹತ್ರ ಇರೋ 9ನೇ ಬ್ಲಾಕ್.

ಈ ಏರಿಯಾಗಳೇ ಯಾಕೆ ನಡೆಯೋಕೆ ಚೆಂದ ಅನ್ನೋದಕ್ಕೆ ಒಂದು ಕಾರಣ ಇದೆ, ಅದನ್ನ ತಿಳ್ಕೊಂಡ್ರೆ ಬೇರೆ ಯಾವ ಏರಿಯಾಗೆ ಹೋದ್ರೂ ಐದ್ ನಿಮಿಷದಲ್ಲಿ ಗೊತ್ತಾಗಿಬಿಡುತ್ತೆ. 1898ರ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಿಂದ ಜನ ಹೊರಗೆ ಬಂದು ನೆಲೆ ನಿಂತಿದ್ದು ಬಸವನಗುಡಿ, ಮಲ್ಲೇಶ್ವರದಲ್ಲಿ. ಆಗ ಕಾರ್ ಯಾರ ಹತ್ರ ಇತ್ತು? ಮಾರ್ಕೆಟ್ಟು, ದೇವಸ್ಥಾನ, ಸ್ಕೂಲು ಎಲ್ಲಾ ಕಾಲ್ನಡಿಗೆ ದೂರದಲ್ಲೇ ಇರಬೇಕಿತ್ತು. 1948ರಲ್ಲಿ ಶುರುವಾದ ಜಯನಗರದಲ್ಲೂ ಅದೇ ಥರ ಮೇನ್‌ಗಳು, ಕ್ರಾಸ್‌ಗಳು, ಬ್ಲಾಕಿಗೊಂದು ಪಾರ್ಕು. ಚಿಕ್ಕ ಚಿಕ್ಕ ಕ್ರಾಸ್ ಇದ್ರೆ ಏನಾಗುತ್ತೆ ಅಂದ್ರೆ, ಒಂದು ರೋಡು ಅಗೆದಿದ್ರೆ ಇನ್ನೊಂದರಲ್ಲಿ ಹೋಗ್ತೀರ, ಒಂದರಲ್ಲಿ ನಾಯಿಗಳ ಕಾಟ ಇದ್ರೆ ಪಕ್ಕದ್ದು ಹಿಡೀತೀರ. ಹೊಸ ಕಡೆಗಳಲ್ಲಿ ಹೊಲ ತೋಟ ಇದ್ದಿದ್ದನ್ನ ಒಂದೊಂದೇ ಲೇಔಟ್ ಮಾಡ್ತಾ ಹೋದ್ರಲ್ಲ, ಅಲ್ಲಿ ಎಲ್ಲಾ ಲೇಔಟಿಗೂ ಸೇರಿ ಹೊರಗೆ ಹೋಗೋಕೆ ಒಂದೇ ರೋಡು, ಅದರಲ್ಲೇ ಟ್ಯಾಂಕರ್ರು ಸ್ಕೂಲ್ ಬಸ್ಸು ಅದರ ಮಧ್ಯ ನೀವು. ಅಪಾರ್ಟ್‌ಮೆಂಟ್ ಒಳಗೆ ವಾಕಿಂಗ್ ಟ್ರ್ಯಾಕ್ ಎಷ್ಟೇ ಚೆನ್ನಾಗಿರ್ಲಿ, ಗೇಟ್ ದಾಟಿ ಒಂದು ಕಟ್ಟು ಕೊತ್ತಂಬರಿ ತರೋಕಾಗಲ್ಲ ಅಂದ್ರೆ ಅದು ನಡೆಯೋ ಏರಿಯಾ ಅಲ್ಲ.

ಬೇರೆ ಏರಿಯಾಗಳನ್ನೂ ಬೇಗ ಹೇಳಿಬಿಡ್ತೀನಿ. ಮಲ್ಲೇಶ್ವರ ನನಗೆ ತುಂಬಾ ಇಷ್ಟ, 8ನೇ ಕ್ರಾಸಲ್ಲಿ ಹಬ್ಬದ ಹಿಂದಿನ ದಿನ ಬಾಳೆಕಂದು, ಮಾವಿನ ಸೊಪ್ಪು ತರೋಕೆ ಹೋಗೋದೇ ಒಂದು ಖುಷಿ, ಆದ್ರೆ ಅಲ್ಲಿಂದ ಎಲೆಕ್ಟ್ರಾನಿಕ್ ಸಿಟಿ ನಿಮಗೆ ದಿನಾ ದೂರ ಆಗುತ್ತೆ, ಜೊತೆಗೆ ಮೆಟ್ರೋ ಸ್ಟೇಷನ್ ಇರೋದು ಸಂಪಿಗೆ ರೋಡಿನ ಆ ತುದೀಲಿ, 15ನೇ ಕ್ರಾಸ್ ಹತ್ರ ಮನೆ ಸಿಕ್ರೆ ಸಾಕಷ್ಟು ನಡೀಬೇಕು. ಇಂದಿರಾನಗರ ಎಂ.ಜಿ. ರೋಡ್‌ಗೆ ಹತ್ರ, ನಿಮ್ಮ ಆಫೀಸ್‌ಗೆ ಅಲ್ಲ, ಬಾಡಿಗೆನೂ ಜಾಸ್ತಿ. ಎಲೆಕ್ಟ್ರಾನಿಕ್ ಸಿಟಿಯಲ್ಲೇ ಮನೆ ಮಾಡಿದ್ರೆ ನಿಮಗೆ ಸುಖ, ಅವರಿಗೆ ಕಷ್ಟ, ಮದುವೆಯಾಗಿ ಹತ್ತು ತಿಂಗಳಿಗೆ ಅದು ಬೇಡ.

ಇನ್ನು ಮನೆ ನೋಡೋ ವಿಷಯ. ಬ್ರೋಕರ್ ಆಗ್ಲಿ ಆ್ಯಪ್ ಆಗ್ಲಿ "ಮೆಟ್ರೋಗೆ 800 ಮೀಟರ್" ಅಂತಾರೆ. 800 ಮೀಟರ್ ಅಂದ್ರೆ ಹತ್ತು ನಿಮಿಷದ ನಡಿಗೆ, ದೂರ ಅಲ್ಲ. ನೋಡ್ಬೇಕಾಗಿರೋದು ಆ 800 ಮೀಟರ್ ಹೇಗಿದೆ ಅನ್ನೋದು. ನಾನು ಈ ಊರಿಗೆ ಬಂದ ಹೊಸದ್ರಲ್ಲಿ ಒಂದು ಮನೆ ಹಿಡಿದಿದ್ದೆ, ಹೆಸರು ಬೇಡ, ಬಸ್ ಸ್ಟಾಪ್ ಐದೇ ನಿಮಿಷ ಅಂದಿದ್ರು, ಐದೇ ನಿಮಿಷಾನೂ ನಿಜ. ಆದ್ರೆ ಮಧ್ಯ ಒಂದು ದೊಡ್ಡ ರೋಡು, ಡಿವೈಡರ್‌ಗೆ ಉದ್ದಕ್ಕೂ ಕಂಬಿ, ದಾಟೋಕೆ ಎಲ್ಲೂ ಜಾಗ ಇಲ್ಲ. ಈ ಕಡೆ ಖಾಲಿ ಸೈಟಿನ ಕಾಂಪೌಂಡು, ಅದರ ಪಕ್ಕ ಚರಂಡಿ ಮೇಲೆ ಹಾಕಿದ್ದ ಚಪ್ಪಡಿಗಳು, ಕಾಲಿಟ್ರೆ ಟಕ್ ಅಂತ ಅಲ್ಲಾಡ್ತಿದ್ವು, ಒಂದು ಚಪ್ಪಡಿ ಅರ್ಧ ಮುರಿದು ಅದಕ್ಕೆ ಯಾರೋ ಮರದ ಕೊಂಬೆ ನೆಟ್ಟಿದ್ರು, ಬೀಳಬೇಡಿ ಅಂತ. ಬೆಳಿಗ್ಗೆ ಹೇಗೋ ನಡೀತಿತ್ತು, ಸಂಜೆ ಏಳೂವರೆಗೆ ಲೈಟ್ ಇಲ್ದೆ ಫೋನ್ ಟಾರ್ಚ್ ಹಾಕ್ಕೊಂಡು ಬರ್ತಿದ್ದೆ. ಎರಡನೇ ತಿಂಗಳಿಂದ ಆಟೋ. ಕಮ್ಮಿ ಬಾಡಿಗೆ ಅಂತ ಹೋದವಳು ಉಳಿಸಿದ್ದೆಲ್ಲ ಆಟೋಗೆ ಕೊಟ್ಟೆ, 11 ತಿಂಗಳಿಗೆ ಖಾಲಿ ಮಾಡಿದೆ.

ಅದಕ್ಕೇ ಹೇಳ್ತಿರೋದು, ಮನೆ ಇಷ್ಟ ಆದ ಕೂಡ್ಲೇ ಅಡ್ವಾನ್ಸ್ ಕೊಡ್ಬೇಡಿ, ಎರಡು ಸಲ ನಡ್ಕೊಂಡು ನೋಡಿ. ಒಂದ್ಸಲ ಬೆಳಿಗ್ಗೆ ಎಂಟೂವರೆಗೆ, ಆಫೀಸಿಗೆ ಹೊರಟಿದ್ದೀರ ಅನ್ನೋ ಥರ ಬ್ಯಾಗ್ ಹಾಕ್ಕೊಂಡು ಮನೆ ಗೇಟಿಂದ ಸ್ಟೇಷನ್‌ವರೆಗೆ. ಇನ್ನೊಂದ್ಸಲ ರಾತ್ರಿ ಒಂಬತ್ತರ ಮೇಲೆ ಸ್ಟೇಷನ್ನಿಂದ ಮನೆಗೆ, ಅದನ್ನ ನೀವು ಮುಂದೆ ನಡೀರಿ, ಅವರು ಒಂದಷ್ಟು ಹಿಂದೆ ಬರ್ಲಿ, ಒಬ್ಬಳೇ ಬರ್ತಿದ್ರೆ ಹೇಗನ್ಸುತ್ತೆ ಅಂತ ನಿಮಗೇ ಗೊತ್ತಾಗುತ್ತೆ. ಅಂಗಡಿಗಳು ತೆರೆದಿದ್ಯಾ, ಜನ ಓಡಾಡ್ತಿದ್ದಾರಾ ನೋಡಿ, ಹೂ ಮಾರೋರು, ಇಸ್ತ್ರಿ ಅಂಗಡಿಯವರು ಕೂತಿರೋ ರೋಡು ಖಾಲಿ ರೋಡಿಗಿಂತ ಯಾವತ್ತೂ ವಾಸಿ. ಮಳೆ ಬಂದ ಮಾರನೇ ದಿನ ಹೋಗೋಕಾದ್ರೆ ಇನ್ನೂ ಒಳ್ಳೇದು, ನೀರು ಎಲ್ಲಿ ನಿಲ್ಲುತ್ತೆ ಅನ್ನೋದನ್ನ ಯಾವ ಓನರ್ರೂ ಹೇಳಲ್ಲ.

ಫುಟ್‌ಪಾತ್ ಇದ್ರೆ ಸಾಲದು. ರಸ್ತೆಗಳು ಹೇಗಿರ್ಬೇಕು ಅಂತ ಮಾನದಂಡ ಹಾಕೋ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ನಿಯಮದ ಪ್ರಕಾರ ಯಾವ ಅಡ್ಡಿನೂ ಇಲ್ದೆ ಕನಿಷ್ಠ 1.8 ಮೀಟರ್ ಅಗಲ ಇರ್ಬೇಕು, ಎತ್ತರ 150 ಮಿಲಿಮೀಟರ್ ಮೀರಬಾರದು. ಟೇಪ್ ತಗೊಂಡು ಹೋಗಿ ಅಂತಿಲ್ಲ, ನೀವಿಬ್ರೂ ಪಕ್ಕಪಕ್ಕ ಮಾತಾಡ್ಕೊಂಡು ನಡೀರಿ. ಟ್ರಾನ್ಸ್‌ಫಾರ್ಮರ್, ನಿಂತಿರೋ ಸ್ಕೂಟರ್, ಮನೆಯವರು ಕಾರಿಗೆ ಅಂತ ಇಳಿಜಾರು ಕಟ್ಕೊಂಡಿರೋದು, ಇದಕ್ಕೆಲ್ಲ ಎಷ್ಟು ಸಲ ರೋಡಿಗೆ ಇಳಿದ್ರಿ ಎಣಿಸಿ. ನಿಜ ಹೇಳ್ಬೇಕಂದ್ರೆ ಜಯನಗರ 4ನೇ ಬ್ಲಾಕಲ್ಲೂ ಅಂಗಡಿ ಸಾಮಾನಿನ ಮಧ್ಯೆ ನುಸುಳಿಕೊಂಡೇ ಹೋಗ್ಬೇಕು, ಆದ್ರೆ ಒಳಗಿನ ಕ್ರಾಸ್‌ಗಳಲ್ಲಿ ಮರದ ನೆರಳಲ್ಲಿ ಆರಾಮಾಗಿ ಬರಬಹುದು. ರಾಗಿಗುಡ್ಡ ಕಡೆ ನೋಡಿದ್ರೆ ಡಬಲ್ ಡೆಕ್ಕರ್ ಫ್ಲೈಓವರ್ ಕೆಳಗಿನ ರೋಡನ್ನ ಎಲ್ಲಿ ದಾಟ್ತೀರ ಅಂತ ಖಂಡಿತ ನೋಡ್ಕೊಳ್ಳಿ. ಎಲೆಕ್ಟ್ರಾನಿಕ್ ಸಿಟಿ ಕಡೆ ಇಳಿದ ಮೇಲೂ ನಡಿಗೆ ಇರುತ್ತೆ ಅನ್ನೋದು ಮರೀಬೇಡಿ, ನಿಮ್ಮ ಆಫೀಸಿಗೆ ಬೆರಟೇನ ಅಗ್ರಹಾರ ಹತ್ರಾನಾ, ಎಲೆಕ್ಟ್ರಾನಿಕ್ ಸಿಟಿ ಸ್ಟೇಷನ್ನಾ, ಕೋನಪ್ಪನ ಅಗ್ರಹಾರಾನಾ ಮೊದಲೇ ಕೇಳಿಟ್ಕೊಳ್ಳಿ.

ಸ್ಟೇಷನ್ ಬಿಟ್ಟು ಇನ್ನೇನು ಹತ್ತು ನಿಮಿಷದಲ್ಲಿ ಸಿಗಬೇಕು? ಹಾಲಿನ ಬೂತ್, ತರಕಾರಿ, ಮೆಡಿಕಲ್ ಶಾಪ್, ಒಂದು ಕ್ಲಿನಿಕ್, ಒಂದು ದರ್ಶಿನಿ. ಇಬ್ರೂ ದುಡಿಯೋರು, ಒಂದಿನ ಅಡುಗೆ ಬೇಡ ಅನ್ಸಿದ್ರೆ ಕೆಳಗೆ ಇಳಿದು ಎರಡು ಇಡ್ಲಿ ತಿಂದು ಬರೋ ಹಾಗಿರ್ಬೇಕು. ಬಸವನಗುಡಿಯ ಗಾಂಧಿ ಬಜಾರ್ ಹತ್ರ ಮನೆ ಸಿಕ್ರೆ ಚಳಿಗಾಲದಲ್ಲಿ ಅವರೆಕಾಯಿ ರಾಶಿ ಹಾಕ್ಕೊಂಡು ಕೂತಿರ್ತಾರೆ, ಆ ಸೊಗಡು ಮನೆವರೆಗೂ ಬರುತ್ತೆ. ಕಾರ್ತೀಕದ ಕಡೇ ಸೋಮವಾರ ಕಡಲೆಕಾಯಿ ಪರಿಷೆಗೂ ನಡ್ಕೊಂಡೇ ಹೋಗಿ ಬರಬಹುದು. ಧಾರವಾಡ ಬಿಟ್ಟು ಬಂದ ಬೇಜಾರು ಅಂಥ ಕಡೆ ಸ್ವಲ್ಪ ಬೇಗ ಕಮ್ಮಿ ಆಗುತ್ತೆ ಅಂತ ನನ್ನ ನಂಬಿಕೆ.

ದುಡ್ಡಿನ ಲೆಕ್ಕ ಬಾಡಿಗೆ ಒಂದರಿಂದ ಹಾಕ್ಬೇಡಿ. ಬಾಡಿಗೆ, ಇಬ್ಬರ ಓಡಾಟ, ತಿಂಗಳಿಗೆ ಅಂದಾಜು ಆಟೋ ಖರ್ಚು ಮೂರೂ ಕೂಡಿಸಿ ಎರಡು ಮನೆ ಹೋಲಿಸಿ. 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿ ಗರಿಷ್ಠ ಟಿಕೆಟ್ 60 ರೂಪಾಯಿಂದ 90ಕ್ಕೆ ಹೋಯ್ತು, ದೂರದ ಸ್ಟೇಷನ್ ಹತ್ರ ಅಗ್ಗದ ಮನೆ ಅನ್ನೋರು ಇದನ್ನ ಮರೀತಾರೆ. ನಿಮಗೆ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿ ಸಾಮಾನ್ಯ ಬಸ್ ಫ್ರೀ, ಆಧಾರ್ ಜೊತೆಗಿರ್ಲಿ, ಎಸಿ ವಜ್ರ ಬಸ್ಸಿಗೆ ಅದು ಇಲ್ಲ.

ನೀರು ಕಾವೇರಿನಾ ಬೋರ್‌ವೆಲ್ಲಾ, ವಾರಕ್ಕೆ ಎಷ್ಟು ಸಲ ಬಿಡ್ತಾರೆ, ಸಂಪ್ ಎಷ್ಟು ದೊಡ್ಡದು ಓನರ್ ಹತ್ರ ಕೇಳಿ, ಅದೇ ಪ್ರಶ್ನೆಯನ್ನ ಪಕ್ಕದ ಬಾಡಿಗೆಯವರನ್ನೂ ಕೇಳಿ. ಅಡ್ವಾನ್ಸ್ ಹತ್ತು ತಿಂಗಳದ್ದು ಅನ್ನೋ ಹಳೇ ಪದ್ಧತಿ ಕೆಲವರು ಇನ್ನೂ ಬಿಟ್ಟಿಲ್ಲ, ಐದಾರು ತಿಂಗಳಿಗೆ ಒಪ್ಪೋರೂ ಇದ್ದಾರೆ, ಸಂಕೋಚ ಇಲ್ದೆ ಚೌಕಾಸಿ ಮಾಡಿ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಎಷ್ಟು ಹಿಡೀತಾರೆ ಅನ್ನೋದನ್ನ ಅಗ್ರಿಮೆಂಟಲ್ಲೇ ಬರೆಸಿ. ಆ ಕಡೆ ಎಷ್ಟೋ ಓನರ್‌ಗಳು ವೆಜ್ಜಾ ನಾನ್‌ವೆಜ್ಜಾ ಕೇಳ್ತಾರೆ, ಇದ್ದಿದ್ದು ಇದ್ದ ಹಾಗೆ ಹೇಳಿಬಿಡಿ, ಸುಳ್ಳು ಹೇಳಿ ಸೇರಿದ ಮನೇಲಿ ನೆಮ್ಮದಿ ಇರಲ್ಲ. ಆ್ಯಪ್‌ಗಳ ಜೊತೆ ಒಂದು ಭಾನುವಾರ ಬೆಳಿಗ್ಗೆ ಆ ಕ್ರಾಸ್‌ಗಳಲ್ಲಿ ಸುಮ್ನೆ ಸುತ್ತಿ ಟು-ಲೆಟ್ ಬೋರ್ಡ್ ನೋಡಿ, ಹಳೇ ಏರಿಯಾದ ವಯಸ್ಸಾದ ಓನರ್‌ಗಳು ಎಷ್ಟೋ ಜನ ಗೇಟಿಗೆ ಬೋರ್ಡ್ ಹಾಕೋದು ಬಿಟ್ಟು ಬೇರೇನೂ ಮಾಡಲ್ಲ, ಬ್ರೋಕರ್‌ಗೆ ಕೊಡೋ ಒಂದು ತಿಂಗಳ ಬಾಡಿಗೆನೂ ಉಳಿಯುತ್ತೆ.

ಪ್ರಶ್ನೆ: ಮೇಡಂ, ನಾನು ಪುತ್ತೂರಿನವ, ಮುಂದಿನ ವಾರ ಬೆಂಗಳೂರಲ್ಲಿ ಕೆಲಸಕ್ಕೆ ಸೇರ್ಲಿಕ್ಕುಂಟು. ರಜೆ ಇಲ್ಲ, ಬಂದು ಮನೆ ನೋಡ್ಲಿಕ್ಕೆ ಆಗುದಿಲ್ಲ. ಆನ್‌ಲೈನಲ್ಲಿ ಒಂದು ಮನೆ ನೋಡಿದೆ, ಮೆಟ್ರೋ ಹತ್ತಿರ, ಬಾಡಿಗೆ ಭಾರೀ ಕಮ್ಮಿ. ಓನರ್ ಆರ್ಮಿಯಲ್ಲಿ ಇರುದಂತೆ, ಟೋಕನ್ ಹಾಕಿದ್ರೆ ಬೇರೆಯವರಿಗೆ ಕೊಡುದಿಲ್ಲ ಹೇಳ್ತಾರೆ. ಹಾಕ್ಬಹುದಾ?
– ಓದುಗ, ಪುತ್ತೂರು

ಉತ್ತರ: ಒಂದ್ರೂಪಾಯಿನೂ ಹಾಕ್ಬೇಡಿ ತಮ್ಮ. ಆರ್ಮಿಯವನು, ಬೇರೆ ಊರಿಗೆ ಟ್ರಾನ್ಸ್‌ಫರ್ ಆಗಿದೆ ಅಂತ ಹೇಳಿ ಐಡಿ ಕಾರ್ಡ್ ಫೋಟೋ ಕಳಿಸಿ, ಟೋಕನ್ನು, ಆಮೇಲೆ ಗೇಟ್ ಪಾಸು ಅಂತ ಒಂದೊಂದಾಗಿ ದುಡ್ಡು ಕೇಳೋದು ಬಾಡಿಗೆ ಹುಡುಕೋರಿಗೆ ಹಾಕೋ ಹಳೇ ಗಾಳ. ನಿಜವಾದ ಸೈನಿಕರ ಮೇಲೆ ನಮಗಿರೋ ಗೌರವಾನೇ ಅವರು ಬಳಸ್ಕೊಳ್ಳೋದು. ಆಫೀಸಿಗೆ ನಡ್ಕೊಂಡು ಹೋಗೋ ದೂರದಲ್ಲಿ ಒಂದು ತಿಂಗಳಿಗೆ ಪಿಜಿ ಹಿಡೀರಿ, ಊಟದ ಚಿಂತೆನೂ ತಪ್ಪುತ್ತೆ. ನಾಲ್ಕು ಶನಿವಾರ ಭಾನುವಾರ ಸಿಗುತ್ತಲ್ಲ, ಮೇಲಿನ ಉತ್ತರದಲ್ಲಿ ಹೇಳಿದ ಹಾಗೆ ನಡ್ಕೊಂಡು ಹುಡುಕಿ. ಮನೆ ಒಳಗೆ ಹೋಗಿ ನಲ್ಲಿ ತಿರುಗಿಸಿ ನೋಡಿ, ಓನರ್ ಮುಖ ನೋಡಿ, ಅದೇ ವಿಳಾಸದ ಕರೆಂಟ್ ಬಿಲ್ ತೋರಿಸಿ ಅಂತ ಕೇಳಿ, ಹೆಸರು ತಾಳೆ ಆದ ಮೇಲೇ ಟೋಕನ್.