ಮಳೆಗಾಲದಲ್ಲಿ ಟಾಯ್ಲೆಟ್ ನೀರು ಇಳಿಯಲ್ಲ: ಪೈಪ್ ಕಟ್ಟಿದೆಯಾ, ಗುಂಡಿ ತುಂಬಿದೆಯಾ?

ಮಳೆಗಾಲ ಬಂದರೆ ಟಾಯ್ಲೆಟ್ ನೀರು ಇಳಿಯಲ್ಲ, ಏನು ಮಾಡೋದು ಅಂತ ಕಾರವಾರದ ಓದುಗರೊಬ್ಬರು ಕೇಳಿದ್ದಾರೆ. ಅವರಿಗೆ ನನ್ನ ಉತ್ತರ ಇದು. ಬಚ್ಚಲಿಗೆ ಒಂದು ಬಕೆಟ್ ನೀರು ಸುರಿದು ಟಾಯ್ಲೆಟ್ ಹತ್ತಿರ ಕಿವಿಗೊಡಿ. ಗುಳುಗುಳು ಸದ್ದಾಗಿ ನೀರು ಮೇಲೇರಿದರೆ ತೊಂದರೆ ಎರಡೂ ಸೇರುವ ಮುಖ್ಯ ಲೈನಿನಲ್ಲಿ ಅಥವಾ ಅದರ ಮುಂದೆ ಇದೆ.

ಆಮೇಲೆ ಹೊರಗಿನ ಚೇಂಬರ್ (ಮನೆಗೂ ಗುಂಡಿಗೂ ನಡುವೆ ಪೈಪ್ ಸೇರುವ ಚಿಕ್ಕ ತೊಟ್ಟಿ) ಮುಚ್ಚಳ ತೆಗೆಯಿರಿ. ಖಾಲಿ ಇದ್ದರೆ ಬ್ಲಾಕ್ ಮನೆಯ ಕಡೆ. ತುಂಬಿ ನಿಂತಿದ್ದರೆ ಮುಂದಿನ ಪೈಪ್ ಅಥವಾ ಗುಂಡಿ. ನಮ್ಮಲ್ಲಿ ಪೈಪ್ ಜಾಯಿಂಟಿನೊಳಗೆ ತೆಂಗಿನ ಬೇರು ಜಡೆಯ ಹಾಗೆ ಹೆಣೆದುಕೊಂಡಿತ್ತು. ಸುಮ್ನೆ ಆಸಿಡ್ ಸುರಿಯಬೇಡಿ, ಬೇರು ಹೋಗಲ್ಲ. ರಾಡ್ ಹಾಕಿಸಿ, ಜಾಯಿಂಟ್ ಬದಲಾಯಿಸಿ.

ಜುಲೈನಲ್ಲಿ ಬಾವಿ ನೀರು ಮೇಲೆ ಬಂದಾಗ ಟಾಯ್ಲೆಟ್ ನೀರು ಇಂಗುವ ಗುಂಡಿಯೂ ತುಂಬುತ್ತದೆ. ಆಗ ಖಾಲಿ ಮಾಡಿಸಿದರೂ ಸುತ್ತಲಿನ ನೀರು ಮತ್ತೆ ನುಗ್ಗುತ್ತದೆ. ಹಾಗಾಗಿ ಮೇ ತಿಂಗಳಲ್ಲೇ ಗುಂಡಿ ಖಾಲಿ ಮಾಡುವ ಗಾಡಿ ಕರೆಸಿ. ಯಾರನ್ನೂ ಗುಂಡಿಗೆ ಇಳಿಸಬೇಡಿ. ವಿಷಗಾಳಿಗೆ ಜೀವ ಹೋಗುತ್ತದೆ, ರಕ್ಷಣೆಯಿಲ್ಲದೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಲ್ಲಿ ಅಪರಾಧವೂ ಹೌದು.